ಮುಂದೆ ಅಂದರೆ ಹಿಂದೆ ಹೋಗುವ ನಮ್ಮ ಕೆಂಪು ಕಾರು

ಕೆಲವರಿಗೆ ಗ್ರಹಚಾರ ವರ್ಷಕ್ಕೊಮ್ಮೆ ಕಾಡುತ್ತದೆ. ನನ್ನದು ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಕಾರಿನ ಬಾಗಿಲು ತೆಗೆದ ಕೂಡಲೇ ಶುರುವಾಗುತ್ತದೆ. ಬೇಡವೆಂದರೂ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ಈಗೀಗ ನಾನು ಆಶ್ಚರ್ಯಪಡುವುದನ್ನೂ ಬಿಟ್ಟಿದ್ದೇನೆ, ಅದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ.

ನನ್ನ ಮನೆ ಶಹಾಪುರದಲ್ಲಿ, ಗುಮಾಸ್ತಿಕೆ ಸುರಪುರದಲ್ಲಿ. ನಡುವೆ ಓಡಾಡಲು ಬುದ್ಧಿ ಇದ್ದವರು ಬಸ್ಸು ಹತ್ತುತ್ತಾರೆ, ಇಲ್ಲವೇ ಬೈಕು ಇಟ್ಟುಕೊಳ್ಳುತ್ತಾರೆ. ನಾನು ಎರಡೇ ಬಾಗಿಲಿನ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಹೋಗುವ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿದ್ದೇನೆ. ಸಣ್ಣವನಿದ್ದಾಗ ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ ಇಂಥದೊಂದನ್ನು ನೋಡಿದ್ದೆ. ಆ ಹುಚ್ಚು ನಲವತ್ತೈದು ದಾಟಿದ ಮೇಲೆ ತಲೆಗೇರಿತು.

ಈ ಕಾರಿಗೆ ಒಂದು ದೋಷವಿದೆ. ಇದರ ಗೇರಿನಲ್ಲಿ ಒಂದನೆಯದೂ ರಿವರ್ಸೂ ಅಕ್ಕಪಕ್ಕದ ಮನೆ. ಎರಡರ ನಡುವೆ ತಡೆಯಾಗಿ ಒಂದು ಸಣ್ಣ ಸ್ಪ್ರಿಂಗು ಇರಬೇಕು, ಅದು ಸವೆದು ಹೋಗಿದೆ. ಹಾಗಾಗಿ ಒಂದನೇ ಗೇರು ಹಾಕಿದೆ ಅಂತ ನಾನು ತಿಳಿದುಕೊಂಡಾಗ ಎಷ್ಟೋ ಸಲ ರಿವರ್ಸ್ ಬಿದ್ದಿರುತ್ತದೆ. ಹಿಂದಿರುವವರಿಗೆ ಬಿಳಿ ದೀಪ ಹತ್ತಿದ್ದು ಕಂಡು ಮೊದಲೇ ಗೊತ್ತಾಗಿರುತ್ತದೆ. ನನಗೆ ಕ್ಲಚ್ಚು ಬಿಟ್ಟ ಮೇಲೆಯೇ ಗೊತ್ತಾಗುವುದು. ಈ ಮಾದರಿಯ ಕಾರು ಇಟ್ಟುಕೊಂಡವರಿಗೆಲ್ಲ ಈ ಸಂಗತಿ ಗೊತ್ತಿದೆಯಂತೆ, ಉಪಾಯವೂ ಗೊತ್ತಿದೆಯಂತೆ. ಮೊದಲು ಎರಡನೇ ಗೇರು ಹಾಕಬೇಕು, ಅಲ್ಲಿಂದ ಕೋಲನ್ನು ನೆಟ್ಟಗೆ ಮೇಲಕ್ಕೆ ದೂಡಬೇಕು, ಆಗ ಒಂದನೆಯದೇ ಬೀಳುತ್ತದೆ. ಆದರೆ ಅವಸರದಲ್ಲಿ, ಅಂಜಿಕೆಯಲ್ಲಿ, ನಾಲ್ಕು ಮಂದಿ ನೋಡುತ್ತಿರುವಾಗ ನನಗೆ ಈ ಉಪಾಯ ನೆನಪೇ ಆಗುವುದಿಲ್ಲ.

ಕಾರು ತಂದದ್ದೇ ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವಳ ತವರೂರು ಸಗರದ ತನಕ ಒಂದು ಸಲ ಮೆರೆಯಬೇಕೆಂದು. ಆಕೆ ಮೊದಲ ದಿನ ಕೂತಳು. ಕಾರು ನಮ್ಮದೇ ಕಂಪೌಂಡು ಗೋಡೆಗೆ ಹಿಂದಿನಿಂದ ಹೋಗಿ ಗುದ್ದಿತು. ಇಳಿದವಳು ಮತ್ತೆ ಹತ್ತಲಿಲ್ಲ. ಹೋದ ದಸರೆಯಲ್ಲಿ ಒಂದು ತೀರ್ಪನ್ನೂ ಕೊಟ್ಟಳು: "ಬರೋ ದಸರಾದೊಳಗ ಇದರ ಗೇರು ನೆಟ್ಟಗಾಗಬೇಕು. ಇಲ್ಲಂದ್ರ ಗಾಡಿ ನಮ್ಮ ಅಂಗಳದಾಗಿಂದ ಹೋಗಬೇಕು." ನನಗೆ ಕಾರೂ ಬೇಕಿತ್ತು, ಕಾರಿನಲ್ಲಿ ಆಕೆಯೂ ಬೇಕಿತ್ತು. ಮುಂದಿನದೆಲ್ಲ ಈ ಎರಡು ಆಸೆಗಳ ನಡುವೆ ನಾನು ಪಟ್ಟ ಪಾಡು.

೧. ಬೀಮಾರಿಯಲ್ಲ, ಆದತ್ತು

ಹೈದರಾಬಾದಿನಲ್ಲಿ ಇದನ್ನು ನನಗೆ ಮಾರಿದ ಮುದುಕರು ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಲೇಬೇಕು. ನಾನು ನೋಡಲು ಹೋದ ದಿನವೇ ಗಾಡಿ ಅವರ ಅಂಗಳದಲ್ಲಿ ಎರಡು ಗಜ ಹಿಂದಕ್ಕೆ ಸರಿಯಿತು. ನಾನು ಗಾಬರಿಯಾಗಿ ಅವರ ಮುಖ ನೋಡಿದೆ. ಅವರು ಗಡ್ಡ ನೀವಿಕೊಂಡು, "ಬೀಮಾರಿ ನೈ ಸಾಬ್, ಆದತ್ ಹೈ" ಅಂದರು. ರೋಗವಲ್ಲ, ಬರೀ ರೂಢಿ ಅಂತ ಕೇಳಿ ನನಗೆ ಸಮಾಧಾನವಾಯಿತು. ರೋಗಕ್ಕಾದರೆ ಔಷಧ ಇರುತ್ತದೆ, ಚಟಕ್ಕೆ ಮನೆಮಂದಿಯೇ ಹೊಂದಿಕೊಂಡು ಹೋಗಬೇಕು ಅನ್ನುವುದು ಊರಿಗೆ ಬಂದ ಮೇಲೆ ತಿಳಿಯಿತು.

ಶಹಾಪುರದಲ್ಲಿ ನನಗೆ ಸಿಕ್ಕ ಮಿಸ್ತ್ರಿ ಟ್ರ್ಯಾಕ್ಟರ್ ರಿಪೇರಿಯವ. ಟ್ರ್ಯಾಕ್ಟರಿನ ಕೆಳಗೆ ಕೂತು ಬುತ್ತಿ ಬಿಚ್ಚಿ ಊಟ ಮಾಡಿ ರೂಢಿ ಇದ್ದವನಿಗೆ ಈ ಕಾರಿನ ಕೆಳಗೆ ತೂರಲು ಆಗಲಿಲ್ಲ. ನೆಲಕ್ಕೆ ಕೆನ್ನೆ ಹಚ್ಚಿ ಒಂದು ಕಣ್ಣಿನಿಂದ ನೋಡಿದ. ಆ ಸ್ಪ್ರಿಂಗು ಈಗ ಎಲ್ಲೂ ತಯಾರಾಗುವುದಿಲ್ಲ, ಗುಜರಿಯಲ್ಲಿ ಹುಡುಕಿಸುತ್ತೇನೆ, ಸಿಕ್ಕರೆ ನಿಮ್ಮ ಪುಣ್ಯ ಅಂದ. ಅಲ್ಲಿಯ ತನಕ ಏನು ಮಾಡಲಿ ಎಂದು ಕೇಳಿದೆ. ಆತ ಒಳಗಿನಿಂದ ಎತ್ತಿನ ಹಗ್ಗದ ಒಂದು ತುಂಡು ತಂದ. ಗೇರಿನ ಕೋಲು ಎಡಕ್ಕೆ ವಾಲಿದರೆ ತಾನೇ ರಿವರ್ಸ್ ಬೀಳುವುದು, ಬಲಕ್ಕೆ ಜಗ್ಗಿ ಕಟ್ಟಿದರೆ ಮುಗಿಯಿತಲ್ಲ ಎಂಬುದು ಅವನ ಲೆಕ್ಕ. ಬಲಕ್ಕೆ ಕಟ್ಟಲು ಕಾರಿನಲ್ಲಿ ಏನೂ ಇರಲಿಲ್ಲ, ನಾನಿದ್ದೆ. ನನ್ನ ಸೊಂಟದ ಬೆಲ್ಟಿಗೆ ಕಟ್ಟಿದ.

ನಾಲ್ಕು ದಿನ ಹಗ್ಗ ಚೆನ್ನಾಗಿಯೇ ನಡೆಯಿತು. ಐದನೇ ದಿನ ಕಚೇರಿಯ ಮುಂದೆ ಕಾರು ನಿಲ್ಲಿಸಿದಾಗ ನಮ್ಮ ಸಾಹೇಬರು ಮೆಟ್ಟಿಲ ಮೇಲೆ ನಿಂತಿದ್ದರು. ಗಡಬಡಿಸಿ ಇಳಿಯಹೋದೆ. ಅರ್ಧ ಎದ್ದಿದ್ದೆ, ಹಗ್ಗ ಜಗ್ಗಿ ಮತ್ತೆ ಸೀಟಿಗೆ ಕೂಡಿಸಿತು. ಎರಡನೇ ಸಲ ಎದ್ದೆ, ಎರಡನೇ ಸಲ ಕೂತೆ. ಮೂರನೆಯದಕ್ಕೆ ಕೈಮುಗಿದುಕೊಂಡೇ ಎದ್ದೆ, ಕೈಮುಗಿದುಕೊಂಡೇ ಕೂತೆ. ಸಾಹೇಬರಿಗೆ ಹಗ್ಗ ಕಾಣುವಂತಿರಲಿಲ್ಲ. ಹತ್ತಿರ ಬಂದು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಆರಾಮ ಇಲ್ಲದಿದ್ದರೆ ಇವತ್ತು ಮನೆಗೆ ಹೋಗಿಬಿಡು ಅಂದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕೇಳದೆ ಸಿಕ್ಕ ರಜೆ ಅದೊಂದೇ. ಅದರಲ್ಲೂ ಅರ್ಧ ದಿನ ಆ ಗಂಟು ಬಿಚ್ಚುವುದರಲ್ಲಿ ಹೋಯಿತು.

೨. ಹನ್ನೆರಡು ನಿಂಬೆಹಣ್ಣು

ಹೋದ ದಸರೆಯ ಆಯುಧಪೂಜೆಯ ದಿನ ಓಣಿಯ ಗಾಡಿಗಳೆಲ್ಲ ನಮ್ಮ ಮನೆಯ ಮುಂದೆ ಸಾಲಾಗಿ ನಿಂತಿದ್ದವು. ಎರಡು ಟ್ರ್ಯಾಕ್ಟರ್, ಮೂರು ಗಾಲಿಯ ಒಂದು ಟಂಟಂ, ಏಳೆಂಟು ಬೈಕು, ಕೊನೆಗೆ ನಮ್ಮ ಕೆಂಪು ಕಾರು. ಪೂಜಾರಿ ಒಂದೊಂದಕ್ಕೂ ಚೆಂಡುಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆದು, ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟು, ಹೊಂಡ್ರಿ ಅನ್ನುತ್ತಿದ್ದರು. ಗಾಡಿ ಮುಂದೆ ಹೋಗಬೇಕು, ಹಣ್ಣು ಚಪ್ಪಟೆಯಾಗಬೇಕು, ಗಾಡಿಗೆ ತಗುಲಿದ ಕಣ್ಣು ಅಲ್ಲಿಗೆ ಹೋಗಬೇಕು. ಟ್ರ್ಯಾಕ್ಟರಿಗೆಲ್ಲ ಸರಾಗವಾಗಿ ಹೋಯಿತು.

ನನ್ನ ಸರದಿ ಬಂದಾಗ ಓಣಿಗೆ ಓಣಿಯೇ ನೋಡುತ್ತಿತ್ತು. ಕಾರು ಹಿಂದಕ್ಕೆ ಹೋಯಿತು. ಮುಂದಿನ ಗಾಲಿಗಳಿಗೆ ಇಟ್ಟ ಎರಡು ಹಣ್ಣು ಇಟ್ಟಹಾಗೆಯೇ ಉಳಿದವು, ಹಿಂದಿನ ಎರಡು ಗಾಲಿಗಳಿಗೆ ಇಟ್ಟದ್ದನ್ನು ಮುಂದಿನ ಗಾಲಿಗಳು ಹಿಂದಕ್ಕೆ ಬಂದು ಹಿಂಡಿದವು. ಪೂಜಾರಿ ಬಗ್ಗಿ ನೋಡಿದರು. ಅವರ ಶಾಸ್ತ್ರದಲ್ಲಿ ಇದಕ್ಕೆ ಏನೂ ಹೇಳಿರಲಿಲ್ಲ. ಸ್ವಲ್ಪ ಯೋಚಿಸಿ, ಹಿಂದೆ ಹೋಗಿ ತುಳಿದದ್ದರಿಂದ ಹೋದ ಕಣ್ಣು ಹೊಳ್ಳಿ ಬಂದಿರುತ್ತದೆ, ಇನ್ನು ನಾಲ್ಕು ತರಿಸಿರಿ ಅಂದರು. ತರಿಸಿದೆ. ಕಾರು ಮತ್ತೆ ಹಿಂದಕ್ಕೆ ಹೋಯಿತು. ಟಂಟಂನವ ತನ್ನ ಗಾಡಿಯನ್ನು ಮೆಲ್ಲಗೆ ದೂಡಿಕೊಂಡು ದೂರ ಸರಿಸಿದ.

ಮೂರನೇ ಸಲಕ್ಕೆ ಪೂಜಾರಿಗೂ ಹಟ ಬಂದಿತ್ತು. ಈ ಗಾಡಿಗೆ ಯಾವುದು ಮುಂದೋ ಆ ಕಡೆಯೇ ಇಡೋಣ ಎಂದು ನಾಲ್ಕೂ ಗಾಲಿಗಳ ಹಿಂದೆ ಹಣ್ಣು ಇಟ್ಟರು. ನಾನು ಕಣ್ಣು ಮುಚ್ಚಿ ಗೇರು ಹಾಕಿದೆ. ಕಾರು ಲಕ್ಷಣವಾಗಿ ಮುಂದಕ್ಕೆ ಹೋಯಿತು. ಹೋಗಿ ಓಣಿಯ ತಿರುವಿನಲ್ಲಿ ನಿಲ್ಲಿಸಿ ಹಿಂದಿರುಗಿ ನೋಡಿದರೆ ಓಣಿ ತುಂಬ ನಗು. ಎರಡು ಹಣ್ಣು ಚೊಕ್ಕವಾಗಿ ಉಳಿದಿದ್ದವು. ಪೂಜಾರಿ ಅವನ್ನು ಧೋತರಕ್ಕೆ ಒರೆಸಿ ಜೋಳಿಗೆಗೆ ಹಾಕಿಕೊಂಡು, "ಇರ್ಲಿ ಬಿಡ್ರಿ, ಸಂಜಿಗಿ ಶರಬತ್ತಿಗರ ಆಕ್ಕಾವ" ಅಂದರು. ಹೆಂಡತಿ ತೀರ್ಪು ಕೊಟ್ಟದ್ದು ಆಗಲೇ, ಹೊಸ್ತಿಲಲ್ಲಿ ನಿಂತು, ಎಲ್ಲರ ಎದುರಿಗೆ.

೩. ರೈಲ್ವೆ ಗೇಟಿನಲ್ಲಿ

ಕಚೇರಿಯ ಕೆಲಸದ ಮೇಲೆ ಯಾದಗಿರಿ ಕಡೆ ಹೋದಾಗ ಒಂದು ರೈಲ್ವೆ ಗೇಟು ಬಿದ್ದಿತ್ತು. ಸಾಲಿನಲ್ಲಿ ನಾನೇ ಮೊದಲಿಗ. ನನ್ನ ಹಿಂದೆ ಮೆಣಸಿನಕಾಯಿ ಚೀಲ ಹೇರಿದ ಒಂದು ಟಂಟಂ, ಅದರ ಹಿಂದೆ ಒಂದು ಬಸ್ಸು, ಆಮೇಲೆ ಕಣ್ಣು ಹಾಯುವ ತನಕ ಗಾಡಿ. ರೈಲು ಹೋಯಿತು, ಗೇಟು ಎದ್ದಿತು, ಎಲ್ಲರೂ ಒಮ್ಮೆಲೇ ಹಾರ್ನ್ ಹೊಡೆದರು. ಹಾರ್ನ್ ಕೇಳಿದರೆ ನನಗೆ ಎರಡನೇ ಗೇರು ಮರೆಯುತ್ತದೆ.

ನಾನು ಹಿಂದೆ ಹೋದೆ. ಟಂಟಂನವ ನನ್ನ ಬಿಳಿ ದೀಪ ನೋಡಿ ತಾನೂ ಹಿಂದೆ ಹೋದ. ಇಬ್ಬರು ಹಿಂದೆ ಬರುತ್ತಿದ್ದಾರೆಂದರೆ ಮುಂದೆ ಏನೋ ಇರಲೇಬೇಕು ಎಂದು ಬಸ್ಸಿನವರೂ ಹಿಂದೆ ಸರಿದರು. ಬೈಕಿನವರು ತಿರುಗಿಸಿಕೊಂಡು ಹೊರಟೇಬಿಟ್ಟರು. ಬಸ್ಸಿನಿಂದ ಮಂದಿ ಇಳಿದರು. ಇನ್ನೊಂದು ರೈಲು ಬರುತ್ತಿದೆ ಅಂತ ಒಬ್ಬರು, ಹಳಿಯ ಮೇಲೆ ಹೋರಿ ಮಲಗಿದೆ ಅಂತ ಇನ್ನೊಬ್ಬರು. ಪಾಪ, ಗೇಟಿನ ಮನುಷ್ಯ ಓಡಿ ಬಂದು ಹಳಿಯ ಎರಡೂ ಕಡೆ ನೋಡಿ, ನನ್ನ ಕಿಟಕಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ನನ್ನ ಕಾರಿನ ಕಿಟಕಿಯಲ್ಲಿ ಮಾತಾಡಬೇಕಾದರೆ ಎಲ್ಲರೂ ಹಾಗೇ ಕೂಡಬೇಕು.

"ಏನ್ ನೋಡಿದ್ರಿ ಸಾಹೇಬ್ರ? ಖರೇ ಹೇಳ್ರಿ, ನನ್ನ ನೌಕರಿ ಪ್ರಶ್ನಾ ಅದ" ಅಂದ.

ನಾನು ಏನೂ ನೋಡಿಲ್ಲ ಅಂದರೆ ಆತ ನಂಬಲಿಲ್ಲ. ಕೊನೆಗೆ ಒಂದನೇ ಗೇರು, ಪಕ್ಕದ ರಿವರ್ಸು, ಸವೆದ ಸ್ಪ್ರಿಂಗು, ಹೈದರಾಬಾದಿನ ಮುದುಕರು, ಎಲ್ಲವನ್ನೂ ಬಿಡಿಸಿ ಹೇಳಿದೆ. ಆತ ಒಂದು ಮಾತೂ ಅಡ್ಡ ಹಾಕದೆ ಕೇಳಿದ. ಆಮೇಲೆ ಎದ್ದು ನಿಂತು ನೆರೆದವರ ಕಡೆ ತಿರುಗಿ, "ಏನಿಲ್ಲ, ಹೋಗ್ರಿ. ಸಾಹೇಬ್ರಿಗಿ ಗಾಡಿ ಹೊಡಿಯಾಕ ಬರಂಗಿಲ್ಲ" ಅಂದ. ಎಲ್ಲರಿಗೂ ಕೂಡಲೇ ಸಮಾಧಾನವಾಯಿತು.

೪. ಸುಳಿ ನೋಡುವವರು

ಸ್ಪ್ರಿಂಗು ಸಿಗುವ ಲಕ್ಷಣ ಕಾಣಲಿಲ್ಲ, ದಸರೆ ಮಾತ್ರ ಹತ್ತಿರ ಬರುತ್ತಿತ್ತು. ಹೆಂಡತಿಯ ಕಣ್ಣು ತಪ್ಪಿಸಲಾಗದೆ ಕಾರು ಮಾರುವುದಿದೆ ಎಂದು ನಾಲ್ಕು ಕಡೆ ಹೇಳಿದೆ. ಹುಣಸಗಿಯಿಂದ ಒಬ್ಬ ಎತ್ತಿನ ವ್ಯಾಪಾರಿ ಬಂದರು. ಮಾತು ಕಡಿಮೆ, ಕಣ್ಣು ಬಹಳ. ಕಾರಿನ ಸುತ್ತ ಎರಡು ಸುತ್ತು ಬಂದರು, ಬಾಗಿಲನ್ನು ಎತ್ತಿನ ಬಾಯಿಯಂತೆ ತೆರೆದು ಒಳಗೆ ನೋಡಿದರು, ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರು. ಎತ್ತಿಗಾದರೆ ಅಲ್ಲಿ ಸುಳಿ ಇರುತ್ತದೆ, ಸುಳಿ ಕೆಟ್ಟದಿದ್ದರೆ ವ್ಯಾಪಾರ ಮುರಿಯುತ್ತದೆ.

ಒಬ್ಬರಿಗೆ ಮೋಸ ಮಾಡಿ ಮಾರಬಾರದು ಎಂದು ನಾನು ಮೊದಲೇ ನಿಶ್ಚಯ ಮಾಡಿಕೊಂಡಿದ್ದೆ. ಕೂತ ಕೂಡಲೇ ಗೇರಿನ ದೋಷ ಪೂರಾ ಹೇಳಿದೆ. ಅವರು ಚಹಾ ಬಸಿಗೆ ಸುರಿದುಕೊಂಡು ಕೇಳಿದರು. ಇಷ್ಟೇನಾ ಅಂದರು. ಇಷ್ಟೇ ಅಂದೆ. ತೋರಿಸಿರಿ ಅಂದರು. ಅಂಗಳದಲ್ಲಿ ಕಾರು ಹತ್ತಿ, ಎರಡನೆಯದನ್ನು ಮುಟ್ಟದೆ ಒಂದನೇ ಗೇರು ಹಾಕಿ ಕ್ಲಚ್ಚು ಬಿಟ್ಟೆ. ಮುಂದಕ್ಕೆ ಹೋಯಿತು. ನಿಲ್ಲಿಸಿ ಮತ್ತೆ ಹಾಕಿದೆ, ಮತ್ತೆ ಮುಂದಕ್ಕೆ. ಐದು ಸಲ ಹಾಕಿದೆ. ಐದೂ ಸಲ ಅದು ಹೊಸ ಸೊಸೆಯ ಹಾಗೆ ಹೇಳಿದ ಮಾತು ಕೇಳಿತು. ನಾನು ಬೆವರು ಒರೆಸಿಕೊಳ್ಳುತ್ತ, ಇಲ್ಲ, ಖರೇನೇ ದೋಷ ಇದೆ, ನಂಬಿರಿ ಅನ್ನುತ್ತಿದ್ದೆ.

ಅವರು ಬಸಿ ಕೆಳಗಿಟ್ಟರು. ಮೂವತ್ತು ವರ್ಷ ಸಂತೆ ಮಾಡಿದ್ದೇನೆ, ಇದ್ದ ದೋಷ ಹೇಳಿ ಮಾರುವವರನ್ನೇ ಕಂಡಿಲ್ಲ, ಇಲ್ಲದ ದೋಷ ಹೇಳುವವರನ್ನು ಇವತ್ತು ಕಂಡೆ ಅಂದರು. ಬಾಗಿಲ ತನಕ ಹೋಗಿ, ಒಳಗಿದ್ದ ನನ್ನ ಹೆಂಡತಿಗೆ ಕೇಳುವಹಾಗೆ, "ತಂಗಿ, ನಿನ್ನ ಗಂಡಗ ಇದನ್ನ ಮಾರೋ ಮನಸಿಲ್ಲವ್ವಾ. ಸುಮ್ಮ ನನ್ನ ಕರಸ್ಯಾನ" ಅಂದು ಹೋದರು.

ಆಕೆ ಬಂದು ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ. ಕಾರಿನ ವಿಷಯದಲ್ಲಿ ಆ ಮನುಷ್ಯನಿಗೆ ಏನೂ ತಿಳಿದಿರಲಿಲ್ಲ, ನನ್ನ ಸುಳಿಯನ್ನು ಮಾತ್ರ ಸರಿಯಾಗಿಯೇ ನೋಡಿದ್ದರು.

೫. ಉಡಿ ತುಂಬಿಸಿಕೊಂಡ ಮೇಲೆ

ದಸರೆಗೆ ಇನ್ನೇನು ತಿಂಗಳಿತ್ತು. ಸಗರದಲ್ಲಿ ನನ್ನ ಹೆಂಡತಿಯ ತಮ್ಮನ ಮಗಳನ್ನು ಒಂದು ಸೋಮವಾರ ತೊಟ್ಟಿಲಿಗೆ ಹಾಕುವುದಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ನನ್ನ ಹೆಂಡತಿ. ಆಕೆ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಕೂಸಿಗೆ ಹೆಸರೇ ಇಲ್ಲ. ಅಂದು ನೋಡಿದರೆ ಬಸ್ಸು ಬರಲಿಲ್ಲ. ಅರ್ಧ ಗಂಟೆ ಕಾದು, ಬೇರೆ ದಾರಿ ಇಲ್ಲದೆ, ಆಕೆ ಬಂದು ಕಾರಿನಲ್ಲಿ ಕೂತಳು.

ನಾನು ಎರಡನೆಯದು ಹಾಕಿ ಒಂದನೆಯದಕ್ಕೆ ತಂದೆ. ಸಗರದ ತನಕ ಎಲ್ಲಿ ನಿಂತರೂ ಹಾಗೇ ಮಾಡಿದೆ. ಆಕೆ ದಾರಿಯುದ್ದಕ್ಕೂ ಬಾಗಿಲಿನ ಹಿಡಿಕೆ ಹಿಡಿದೇ ಕೂತಿದ್ದಳು. ಆದರೂ ನನಗೆ ಖುಷಿಯಾಗಿತ್ತು. ಹೊತ್ತಿಗೆ ಮುಟ್ಟಿದೆವು, ಕೂಸಿಗೆ ಹೆಸರು ಬಂತು, ಹೋಳಿಗೆ ಊಟವೂ ಆಯಿತು. ರಿವರ್ಸ್ ಹಾಕುವುದರಲ್ಲಿ ನನಗೆ ಯಾವ ತೊಂದರೆಯೂ ಇಲ್ಲವಾದ್ದರಿಂದ ಕಾರನ್ನು ಮನೆಯ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿದ್ದೆ. ಹೊರಡುವಾಗ ನೆಟ್ಟಗೆ ಮುಂದೆ ಹೋದರಾಯಿತು.

ಸಂಜೆಯ ಮುಂದೆ ಅತ್ತೆ ನನ್ನ ಹೆಂಡತಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಕುಬಸದ ಖಣ ಹಾಕಿ ಉಡಿ ತುಂಬಿದರು. ಓಣಿಯ ಹೆಂಗಸರೆಲ್ಲ ಕಾರಿನ ಸುತ್ತ ನಿಂತರು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಷ್ಟು ಕಣ್ಣುಗಳ ನಡುವೆ ನನಗೆ ಎರಡನೇ ಗೇರು ಎಲ್ಲಿ ನೆನಪಾಗಬೇಕು? ಕಾರು ಹಿಂದಕ್ಕೆ ಹೊರಟು, ಕೋಳಿಗಳನ್ನು ಚದುರಿಸಿ, ಬಾಗಿಲ ಕಟ್ಟೆಗೆ ಗೇಣು ಉಳಿಸಿ ನಿಂತಿತು.

ಯಾರೂ ನಗಲಿಲ್ಲ. ಅತ್ತೆ ಬಂದು ಮಗಳ ಕಡೆಯ ಬಾಗಿಲು ತೆರೆದರು. "ಉಡಿ ತುಂಬಿಸಿಕೊಂಡು ಹೊಂಟ ಮಗಳು ಹೊಳ್ಳಿ ಬಾಗಿಲಿಗಿ ಬಂದಾಳ. ಹಂಗ ಕಳಸಾಕ ಬರಂಗಿಲ್ರಿ. ಇಳಿಯವ್ವಾ" ಅಂದರು. ಅತ್ತೇರ, ಇದು ಬರೀ ಗೇರಿನ ತಪ್ಪು ಎಂದು ನಾನು ಸ್ಪ್ರಿಂಗಿನ ಕತೆ ಶುರು ಮಾಡಿದೆ. ಗೇರೋ ಗ್ರಹವೋ, ಬಂದಾಕಿ ಬಂದಾಳ ಅಂದುಬಿಟ್ಟರು. ನಾಳೆ ಮಂಗಳವಾರ, ಮಂಗಳವಾರ ಶುಕ್ರವಾರ ಹೆಣ್ಣುಮಗಳನ್ನು ಕಳಿಸಬಾರದು. ಬುಧವಾರ ಅಮಾವಾಸ್ಯೆ. ಗುರುವಾರ ಬಂದು ಕರೆದುಕೊಂಡು ಹೋಗಿರಿ ಅಂದರು. ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. ಬೆಳಿಗ್ಗೆ ಹತ್ತಿದ್ದಕ್ಕಿಂತ ಬಹಳ ಬೇಗ ಇಳಿದಳು.

ಮೂರು ದಿನ ಖಾನಾವಳಿಯ ರೊಟ್ಟಿ ತಿನ್ನುತ್ತ ನನಗೊಂದು ಮಾತು ಹೊಳೆಯಿತು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಆಕೆ ತವರಿನಲ್ಲಿ ಒಟ್ಟಿಗೆ ಎರಡು ರಾತ್ರಿ ಇದ್ದದ್ದು ನೆನಪಿಲ್ಲ. ಬೆಳಿಗ್ಗೆ ಬಸ್ಸಿಗೆ ಹೋಗುವುದು, ಸಂಜೆ ಬಸ್ಸಿಗೆ ಬರುವುದು, ನನ್ನ ಕಚೇರಿ, ನನ್ನ ರೊಟ್ಟಿ. ಆಕೆ ಇರುತ್ತೇನೆ ಅಂತ ಒಮ್ಮೆಯೂ ಹೇಳಿರಲಿಲ್ಲ, ನಾನು ಇರು ಅಂತ ಒಮ್ಮೆಯೂ ಅಂದಿರಲಿಲ್ಲ. ನನಗೆ ನನ್ನ ಬಗ್ಗೆಯೇ ಕೆಟ್ಟದೆನಿಸಿತು.

ಬುಧವಾರ ಮಿಸ್ತ್ರಿಯ ಫೋನು ಬಂತು. ಸ್ಪ್ರಿಂಗು ಸಿಕ್ಕಿದೆ, ಭಾನುವಾರ ಗಾಡಿ ತನ್ನಿರಿ ಅಂದ. ನನಗೆ ಗೆದ್ದಷ್ಟು ಸಂತೋಷವಾಯಿತು. ಕಾರೂ ಉಳಿಯಿತು, ಆಕೆಯ ಮಾತೂ ಉಳಿಯಿತು.

ಗುರುವಾರ ಮಧ್ಯಾಹ್ನ ಸಗರಕ್ಕೆ ಹೋದೆ. ಆಕೆ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ತೊಡೆಯ ಮೇಲೆ ಕೂಸು ಹಾಕಿಕೊಂಡು ತಾಯಿಯ ಜೊತೆ ಚೌಕಾಬಾರ ಆಡುತ್ತಿದ್ದಳು. ಇಷ್ಟು ಜೋರಾಗಿ ನಗುವುದನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ನನ್ನನ್ನು ನೋಡಿ ಕವಡೆ ಕೆಳಗಿಟ್ಟು ಎದ್ದಳು. ಮತ್ತೆ ಉಡಿ ತುಂಬಿದರು, ಮತ್ತೆ ಹೆಂಗಸರು ನಿಂತರು. ಆಕೆ ಕಾರಿನಲ್ಲಿ ಕೂತಳು.

ನಾನು ಹೆಮ್ಮೆಯಿಂದ ಸುದ್ದಿ ಹೇಳಿದೆ. ಸ್ಪ್ರಿಂಗು ಬಂದಿದೆ, ಭಾನುವಾರ ಹಾಕಿಸಿದರೆ ಮುಗಿಯಿತು, ಇನ್ನು ಈ ಗಾಡಿ ಯಾವತ್ತೂ ಹಿಂದೆ ಹೋಗುವುದಿಲ್ಲ ಅಂದೆ. ಆಕೆ ಖುಷಿಪಡುತ್ತಾಳೆಂದು ಕಾದೆ. ಆಕೆ ಉಡಿಯ ಅಕ್ಕಿಯಲ್ಲಿ ಬೆರಳಾಡಿಸುತ್ತ ಕೂತಿದ್ದಳು. ನಾನು ಕ್ಲಚ್ಚು ಒತ್ತಿ, ಮರೆಯದೆ ಎರಡನೇ ಗೇರು ಹಾಕಿದೆ. ಆಗ ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ಆಕೆಯ ಕೈ ಬಂತು. ಕಾರು ಅಷ್ಟು ತಗ್ಗಿದ್ದರಿಂದ ಹೊರಗೆ ನಿಂತವರಿಗೆ ಕಾಣಲಿಲ್ಲ.

"ಎರಡನೇದ್ದು ಬ್ಯಾಡ್ರಿ" ಅಂದಳು, ಮೆಲ್ಲಗೆ. "ಸೀದಾ ಒಂದನೇದ್ದ ಹಾಕ್ರಿ. ನಾಳಿ ಶುಕ್ರವಾರ."

ಎರಡನೆಯದನ್ನು ತೆಗೆದೆ. ಹಿಂದೆಯೇ ಹೋಗಲಿ ದೇವರೇ ಎಂದು ಜನ್ಮದಲ್ಲಿ ಮೊದಲ ಸಲ ಬೇಡಿಕೊಂಡು ಒಂದನೆಯದು ಹಾಕಿ ಕ್ಲಚ್ಚು ಬಿಟ್ಟೆ. ಕಾರು ಮರ್ಯಾದೆ ಉಳಿಸಿತು. ಮೆಲ್ಲಗೆ ಹಿಂದೆ ಸರಿದು ಬಾಗಿಲಿಗೆ ಹೋಗಿ ನಿಂತಿತು.

ತಿರುಗಿ ನೋಡಿದರೆ ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು. ಒಳಗೆ ಹೋಗಿರಲೇ ಇಲ್ಲ. ಗಾಬರಿಯಿಲ್ಲ, ಆಶ್ಚರ್ಯವೂ ಇಲ್ಲ.

"ನೀವೂ ಇಳೀರಿ ಅಳಿಯಂದ್ರ" ಅಂದರು. "ನಿಮ್ಮನ್ನೂ ಲೆಕ್ಕಕ್ಕ ಹಿಡದು ಆಗಳೇ ಅಕ್ಕಿ ಇಟ್ಟೀನಿ ಒಲಿ ಮ್ಯಾಲ."